ಸಿಗದ ಕಪ್ಪುಕುಳಿಗೂ ಒಂದು ಮೇಜು

ಬೆಳಗಿನಿಂದ ತಮ್ಮ ಮಾದರಿಗಳ ಪಕ್ಕ ಕದಲದೆ ನಿಂತಿರುವ ಮಕ್ಕಳೇ,

ಟೇಪು ಕತ್ತರಿಸುವ ಮೊದಲೇ ಕದ್ದು ಒಂದು ಸುತ್ತು ಹಾಕಿ ಬಂದೆ. ಒಂದು ಮೇಜಿನ ಮೇಲೆ ಪುಟ್ಟ ಅಯಸ್ಕಾಂತವೊಂದು ಗುಂಡುಸೂಜಿಯನ್ನು ಎತ್ತಿ ಹಿಡಿದಿದೆ. ಇಡೀ ಭೂಮಿ ಕೆಳಗೆ ಎಳೆಯುತ್ತಿದ್ದರೂ ಗೆದ್ದದ್ದು ಅಯಸ್ಕಾಂತ. ಗುರುತ್ವ ಇಷ್ಟು ಬಡಕಲೇಕೆ?

1998ರಲ್ಲಿ ಅರ್ಕಾನಿ-ಹಮೆದ್, ದಿಮೋಪೌಲಸ್, ದ್ವಾಲಿ ಎಂಬ ಮೂವರು ದಿಟ್ಟ ಉತ್ತರವೊಂದನ್ನು ಕೊಟ್ಟರು. ಗುರುತ್ವ ಬಡಕಲಲ್ಲ, ಸೋರಿಹೋಗುತ್ತಿದೆ. ಬದು ಒಡೆದು ತೂಬಿನ ನೀರು ಪಕ್ಕದ ಗದ್ದೆಗಳಿಗೂ ಹರಿದರೆ ನಮ್ಮ ಮಡಿಗೆ ಬರುವುದು ಅಷ್ಟಿಷ್ಟೇ ತಾನೆ? ಹಾಗೆಯೇ ಮೂರು ಆಯಾಮಗಳ ಜೊತೆಗೆ ಸುರುಳಿಯಾಗಿ ಅಡಗಿದ ಬೇರೆ ಆಯಾಮಗಳಿದ್ದು, ಗುರುತ್ವ ಮಾತ್ರ ಅಲ್ಲಿಗೂ ಹರಡುತ್ತದೆ ಎಂದರು. ಅಂಥವು ಎರಡಿದ್ದರೆ ಮಿಲಿಮೀಟರಿನಷ್ಟು ದೊಡ್ಡವಿರಬಹುದಿತ್ತು. ಅದಕ್ಕಿಂತ ಕಿರಿದಾದ ದೂರದಲ್ಲಿ ಗುರುತ್ವವನ್ನು ಆಗಿನ್ನೂ ಯಾರೂ ನೆಟ್ಟಗೆ ಅಳೆದಿರಲಿಲ್ಲ!

ಇದು ನಿಜವಾದರೆ ಇನ್ನೊಂದು ಬಾಗಿಲು ತೆರೆಯುತ್ತದೆ. ಮೂರೇ ಆಯಾಮಗಳ ಲೆಕ್ಕದಲ್ಲಿ ಎರಡು ಕಣಗಳನ್ನು ಡಿಕ್ಕಿ ಹೊಡೆಸಿ ಕಪ್ಪುಕುಳಿ ಮಾಡಲು ಜಿನೀವಾ ಬಳಿಯ ಸರ್ನ್‌ನ ಯಂತ್ರಕ್ಕಿರುವ ಶಕ್ತಿಯ ಸಾವಿರ ಲಕ್ಷ ಕೋಟಿ ಪಟ್ಟು ಬೇಕು. ಗುರುತ್ವ ಸೋರುತ್ತಿದ್ದರೆ ಮಾತ್ರ 27 ಕಿಲೋಮೀಟರ್ ಸುತ್ತಳತೆಯ ಆ ಯಂತ್ರದಲ್ಲೇ ಅವು ಹುಟ್ಟಬಹುದೆಂದು 2001ರಲ್ಲಿ ಲೆಕ್ಕ ಹಾಕಲಾಯಿತು. ಹುಟ್ಟಿದರೂ ಹಾಕಿಂಗ್ ವಿಕಿರಣವಾಗಿ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಮೊದಲೇ ಕರಗಿ, ಎಲ್ಲ ದಿಕ್ಕಿಗೂ ಕಣಗಳನ್ನು ಚಿಮ್ಮಿಸಬೇಕು.

2008ರ ಸೆಪ್ಟೆಂಬರ್ 10ರಂದು ಯಂತ್ರ ಶುರುವಾಗುವಾಗ ನಮ್ಮ ಟಿವಿಗಳಲ್ಲಿ ಕಪ್ಪುಕುಳಿ ಭೂಮಿಯನ್ನೇ ನುಂಗುತ್ತದೆಂಬ ಪ್ರಳಯದ ಸುದ್ದಿ ಜೋರಾಗಿತ್ತು. ವಿಜ್ಞಾನಿಗಳು ಅದನ್ನು ನಕ್ಕು ತಳ್ಳಿಹಾಕಲಿಲ್ಲ, ಅದು ನನಗೆ ಮೆಚ್ಚುಗೆ. ಹಾಕಿಂಗ್ ವಿಕಿರಣವನ್ನು ಯಾರೂ ನೋಡಿಲ್ಲವಲ್ಲ, ಕುಳಿ ಕರಗದೇ ಉಳಿದರೆ ಎಂದು ತಾವೇ ಕೇಳಿಕೊಂಡು ಉತ್ತರ ಹುಡುಕಿದರು. ಯಂತ್ರದ್ದಕ್ಕಿಂತ ಬಿರುಸಿನ ಡಿಕ್ಕಿಗಳನ್ನು ವಿಶ್ವಕಿರಣಗಳು ಎಂದಿನಿಂದಲೂ ನಡೆಸುತ್ತಿವೆ. ಅಪಾಯಕಾರಿ ಕುಳಿಗಳು ಹುಟ್ಟುವುದಾಗಿದ್ದರೆ ಸಾಂದ್ರವಾದ ಶ್ವೇತಕುಬ್ಜಗಳಲ್ಲಿ, ನ್ಯೂಟ್ರಾನ್ ತಾರೆಗಳಲ್ಲಿ ಸಿಕ್ಕಿಬಿದ್ದು ಅವನ್ನು ಎಂದೋ ನುಂಗಿರಬೇಕಿತ್ತು. ಆ ತಾರೆಗಳು ಇನ್ನೂ ಇವೆ.

ಕೊನೆಗೆ ಯಂತ್ರದಲ್ಲಿ ಕಪ್ಪುಕುಳಿ ಸಿಕ್ಕಿತೇ? ಇಲ್ಲ. 2010ರಲ್ಲೇ ಆ ಯಂತ್ರದ ಸಿಎಂಎಸ್ ಪ್ರಯೋಗದ ತಂಡ ಹಲವು ಸಿದ್ಧಾಂತ ಮಾದರಿಗಳಲ್ಲಿ 3.5ರಿಂದ 4.5 ಟೆರಾ ಎಲೆಕ್ಟ್ರಾನ್‌ವೋಲ್ಟ್‌ವರೆಗೆ ಇಂಥ ಕುಳಿಗಳಿಲ್ಲ ಎಂದಿತು. ಆಮೇಲೆ ಆ ಗಡಿ ಇನ್ನೂ ಮೇಲೇರಿತು. ಅತ್ತ ಸಿಯಾಟಲ್‌ನಲ್ಲಿ ತಿರುಚು ತಕ್ಕಡಿ ಹಿಡಿದವರು 2020ರ ಹೊತ್ತಿಗೆ 52 ಮೈಕ್ರೋಮೀಟರಿನಷ್ಟು ಸನಿಹದಲ್ಲೂ ಗುರುತ್ವವನ್ನು ಅಳೆದರು. ನ್ಯೂಟನ್ನನ ನಿಯಮ ಅಲುಗಲಿಲ್ಲ. ಆಯಾಮಗಳಿದ್ದರೂ ಅವು ಎಷ್ಟಕ್ಕಿಂತ ದೊಡ್ಡವಲ್ಲ ಎಂಬುದು ಈಗ ಅಂಕಿಗಳಲ್ಲಿ ಗೊತ್ತಿದೆ.

ಆದ್ದರಿಂದ ತೀರ್ಪುಗಾರರಲ್ಲಿ ಒಂದು ವಿನಂತಿ. ಯಾವ ಮಗುವಾದರೂ ಹೀಗೆ ಹುಡುಕಿದೆ, ಇಷ್ಟರೊಳಗೆ ಇಲ್ಲ ಎಂದು ಬರೆದಿಟ್ಟಿದ್ದರೆ ಅಂಕ ಕಡಿಯಬೇಡಿ, ಹೇಗೆ ಅಳೆದೆ ಎಂದು ಕೇಳಿ.

ಪ್ರದರ್ಶನವನ್ನು ಉದ್ಘಾಟಿಸುತ್ತಿದ್ದೇನೆ. ಕತ್ತರಿ ಕೊಡಿ.