ಎರಡು ಬಡತನ, ಒಂದು ಬಾಗಿಲು

ಪ್ರಕಟನೆ ಗ್ರಂಥದಲ್ಲಿ ಆಸ್ಯ ಸೀಮೆಯ ಏಳು ಸಭೆಗಳಿಗೆ ಬರೆದ ಪತ್ರಗಳಿವೆ. ಅವುಗಳಲ್ಲಿ ಎರಡು ಎದುರುಬದುರಾಗಿ ನಿಲ್ಲುತ್ತವೆ. ಸ್ಮುರ್ನದ ಸಭೆ ಬಡತನದಲ್ಲಿದೆ, ಸಂಕಟದಲ್ಲಿದೆ. ಆದರೆ ಕ್ರಿಸ್ತನ ಲೆಕ್ಕದಲ್ಲಿ ಅದು ಐಶ್ವರ್ಯವುಳ್ಳದ್ದು. ಲವೊದಿಕೀಯದ ಸಭೆ ತನಗೇನೂ ಕೊರತೆಯಿಲ್ಲ ಎನ್ನುತ್ತದೆ; ಅದೇ ಲೆಕ್ಕದಲ್ಲಿ ಅದು ದರಿದ್ರ, ಕುರುಡು, ಬೆತ್ತಲೆ. ಸಿರಿಯ ನಡುವಿನ ಆತ್ಮಿಕ ಶೂನ್ಯತೆ, ಹೊಟ್ಟೆಬಟ್ಟೆಯ ಬಡತನ ಇವೆರಡನ್ನು ಕುರಿತ ಕ್ರೈಸ್ತ ಚಿಂತನೆಗೆ ಇಲ್ಲಿಂದ ಹೊರಡುವುದೇ ಸರಿಯಾದ ದಾರಿ.

ಲವೊದಿಕೀಯ ಹಣದ ಊರು. ಕ್ರಿ.ಪೂ. 51ರಲ್ಲಿ ಪ್ರಾಂತಾಧಿಪತಿಯಾಗಿ ಹೊರಟ ಸಿಸೆರೊ ತನ್ನ ಹುಂಡಿ ನಗದಾಗಿಸಿಕೊಳ್ಳಲು ನೆಚ್ಚಿದ್ದು ಈ ಊರನ್ನೇ. ಇಲ್ಲಿನ ಕುರಿಗಳ ಕಪ್ಪು ಉಣ್ಣೆಗೆ ದೂರದವರೆಗೆ ಹೆಸರಿತ್ತು. ಕ್ರಿ.ಶ. 60ರ ಭೂಕಂಪದಲ್ಲಿ ಊರು ಉರುಳಿದಾಗ ರೋಮಿನ ನೆರವಿಲ್ಲದೆ ಸ್ವಂತ ಗಂಟಿನಿಂದಲೇ ಮತ್ತೆ ಕಟ್ಟಿಕೊಂಡಿತೆಂದು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ನೀರು ಮಾತ್ರ ಹೊರಗಿನಿಂದ ಬರಬೇಕಿತ್ತು. ತುರ್ಕಿಯ ಡೆನಿಜ್ಲಿ ಬಳಿಯ ಅವಶೇಷಗಳಲ್ಲಿ ಆ ನೀರು ತಂದ ಕೊಳವೆಗಳು ಇಂದಿಗೂ ಕಾಣಸಿಗುತ್ತವೆ. ಒಳಗೋಡೆಗೆ ಸುಣ್ಣ ಪದರಪದರವಾಗಿ ಕಟ್ಟಿ ನೀರಿನ ದಾರಿಯೇ ಕಿರಿದಾಗಿದೆ. ಈ ಸಭೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ, ಉಗುರುಬೆಚ್ಚಗಿದೆ ಎಂಬ ಪತ್ರದ ಮಾತನ್ನು ಈ ಕೊಳವೆಗಳ ಜೊತೆ, ಕಣಿವೆಯಾಚೆಯ ಹಿಯರಾಪೊಲಿಸಿನ ಬಿಸಿ ಊಟೆಗಳ ಜೊತೆ ಇಟ್ಟು ಓದುವ ಕ್ರಮವನ್ನು ಈ ಗೋಷ್ಠಿಯಲ್ಲಿರುವ ಹೊಸ ಒಡಂಬಡಿಕೆಯ ವಿದ್ವಾಂಸರು ಚೆನ್ನಾಗಿ ಬಲ್ಲರು.

ಆ ಪತ್ರದಲ್ಲಿ ಇನ್ನೊಂದು ಸಂಗತಿಯಿದೆ. ಕ್ರಿಸ್ತನು ಆ ಸಿರಿವಂತ ಸಭೆಯ ಒಳಗಿಲ್ಲ. ಬಾಗಿಲ ಹೊರಗೆ ನಿಂತು ತಟ್ಟುತ್ತಿದ್ದಾನೆ. ಲೂಕನ ಹದಿನಾರನೆಯ ಅಧ್ಯಾಯದಲ್ಲೂ ಒಂದು ಬಾಗಿಲಿದೆ. ಅಲ್ಲಿ ಹುಣ್ಣು ತುಂಬಿದ ಲಾಜರ ಬಿದ್ದುಕೊಂಡಿದ್ದಾನೆ. ಒಳಗಿನವನು ದಿನವೂ ಹಬ್ಬದೂಟ ಉಣ್ಣುತ್ತಾನೆ. ಹಸಿದವರಿಗೆ ಮಾಡಿದ್ದು ತನಗೇ ಮಾಡಿದ್ದೆಂಬ ಕ್ರಿಸ್ತನ ಮಾತನ್ನು ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯ ಹೇಳುತ್ತದೆ. ಮೂರನ್ನೂ ಕೂಡಿಸಿ ಓದಿದರೆ, ಒಳಗಿನ ಶೂನ್ಯತೆಗೂ ಹೊರಗಿನ ಹಸಿವಿಗೂ ಕಾರಣ ಒಂದೇ ಎಂದು ತಿಳಿಯುತ್ತದೆ: ಬಾಗಿಲು ಮುಚ್ಚಿದೆ.

ಬಡತನವನ್ನು ಕುರಿತ ಅಧ್ಯಯನ ದಾರಿ ತಪ್ಪಿದ್ದು ಇಲ್ಲಿಯೇ. ಎರಡೂ ಬಡತನಗಳನ್ನು ಬೇರೆಬೇರೆ ರೋಗಗಳೆಂದು ಎಣಿಸಿ ಯಾವುದು ಹೆಚ್ಚು ಭಾರವೆಂದು ತೂಗುವ ರೂಢಿ ಬೆಳೆಯಿತು. ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಸಿರಿವಂತರ ರಕ್ಷಣೆಯನ್ನು ಕುರಿತ ತನ್ನ ಪ್ರವಚನದಲ್ಲಿ ಬಿಡಬೇಕಾದದ್ದು ಆಸ್ತಿಯ ಮೇಲಿನ ಮೋಹವನ್ನು ಎಂದ. ಆಸ್ತಿಯನ್ನು ಹಂಚಿಕೊಳ್ಳಬೇಕೆಂದೂ ಅವನು ಒತ್ತಿ ಹೇಳಿದ್ದ. ಮುಂದಿನವರಲ್ಲಿ ಹಲವರು ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಕೈಬಿಟ್ಟರು. ಆದರೆ ಎಲ್ಲರೂ ಹಾಗಲ್ಲ. ಕಪ್ಪದೋಕ್ಯದಲ್ಲಿ ಕ್ರಿ.ಶ. 368ರ ಸುಮಾರಿಗೆ ಬರ ಬಂದಾಗ ಬೆಸಿಲ್ ಕಣಜಗಳ ಬೀಗ ತೆಗೆಯುವಂತೆ ಸಿರಿವಂತರನ್ನು ಒತ್ತಾಯಿಸಿದ. ಅಂತಿಯೋಕ್ಯದ ಯೋಹಾನ ಕ್ರಿಸೋಸ್ಟೊಮ್ ಲಾಜರನ ಕಥೆಯ ಮೇಲೆ ಉಪದೇಶ ಮಾಡುತ್ತ, ಇದ್ದದ್ದನ್ನು ಬಡವರೊಡನೆ ಹಂಚಿಕೊಳ್ಳದಿರುವುದೇ ಕಳವು ಎಂದು ಸಾರಿದ. 1968ರಲ್ಲಿ ಮೆಡೆಲಿನ್‌ನಲ್ಲಿ ಸೇರಿದ ಲ್ಯಾಟಿನ್ ಅಮೆರಿಕದ ಬಿಷಪರು ಕೇಡಾಗಿರುವ ಬಡತನ, ಆತ್ಮಿಕ ಬಡತನ, ಪ್ರೀತಿಯಿಂದ ತಾನಾಗಿ ಒಪ್ಪಿಕೊಂಡ ಬಡತನ ಎಂದು ಮೂರನ್ನು ಬಿಡಿಸಿ ತೋರಿಸಿದರು. ವಿಮೋಚನಾ ದೇವಶಾಸ್ತ್ರದಲ್ಲಿ ದುಡಿದ ವಿದ್ವಾಂಸರು ಈ ಎಳೆಯನ್ನು ಕಡಿಯದೆ ಕಾಪಾಡಿದ್ದಾರೆ.

ಈ ವಿಷಯದಲ್ಲಿ ಹೆಚ್ಚು ಉಲ್ಲೇಖಗೊಳ್ಳುವವರು ಮದರ್ ತೆರೇಸಾ. 1979ರಲ್ಲಿ ಓಸ್ಲೊದಲ್ಲಿ ಮಾಡಿದ ನೊಬೆಲ್ ಭಾಷಣದಲ್ಲಿ ಅವರು ತಾವು ಕಂಡ ವೃದ್ಧಾಶ್ರಮವೊಂದರ ಪ್ರಸಂಗ ಹೇಳಿದರು. ಅಲ್ಲಿ ಎಲ್ಲ ಸೌಕರ್ಯವೂ ಇತ್ತು. ಆದರೆ ವೃದ್ಧರೆಲ್ಲರ ಕಣ್ಣು ಬಾಗಿಲ ಕಡೆಗೆ. ಮಕ್ಕಳು ಬಂದಾರೆಂದು ಕಾಯುತ್ತಿದ್ದರು. ಹಸಿದವನಿಗೆ ಅನ್ನ ಕೊಟ್ಟು ಹಸಿವು ನೀಗಿಸಬಹುದು, ಯಾರಿಗೂ ಬೇಡವಾದವನ ನೋವು ನೀಗಿಸುವುದು ಕಷ್ಟ ಎಂಬುದು ಅವರ ಅನುಭವದ ಮಾತು. ಆದರೆ ಬಡ ದೇಶಗಳ ವೇದಿಕೆಗಳಲ್ಲಿ ಈ ಮಾತು ‘ನಮಗಿಂತ ಆ ಸಿರಿವಂತರೇ ಬಡವರು’ ಎಂಬ ಸಮಾಧಾನವಾಗಿ ಬಳಕೆಯಾಗುತ್ತದೆ. ಆ ಸಮಾಧಾನದಿಂದ ಯಾರ ತಟ್ಟೆಗೂ ಅನ್ನ ಬೀಳುವುದಿಲ್ಲ. 2007ರಲ್ಲಿ ಪ್ರಕಟವಾದ ಅವರ ಪತ್ರಗಳು ಇನ್ನೊಂದನ್ನೂ ತೋರಿಸಿದವು: ಬಡವರ ನಡುವೆ ಬಡವರಾಗಿಯೇ ಬದುಕಿದ ಅವರನ್ನೂ ದಶಕಗಳ ಕಾಲ ಒಳಗಿನ ಕತ್ತಲೆ ಕಾಡಿತ್ತು. ಅವರದು ದೇವರಿಗಾಗಿ ಹಂಬಲಿಸುವ ಶೂನ್ಯತೆ. ಲವೊದಿಕೀಯದ್ದು ದೇವರ ಅಗತ್ಯವೇ ತೋರದ ಶೂನ್ಯತೆ. ಇವೆರಡನ್ನೂ ಒಂದೇ ಹೆಸರಿನಿಂದ ಕರೆಯುವುದು ದೊಡ್ಡ ಅನ್ಯಾಯ.

ಹೀಗಿದ್ದೂ ಒಂದು ಪ್ರಶ್ನೆ ಬಗೆಹರಿದಿಲ್ಲ. ಸ್ಮುರ್ನದ ಐಶ್ವರ್ಯ ಬಡತನದಿಂದ ಬಂತೋ, ಬಡತನವಿದ್ದೂ ಬಂತೋ? ಬಡತನದಿಂದಲೇ ಬಂತೆಂದರೆ ಬಡತನ ನೀಗಿಸುವ ಸಭೆ ಒಂದು ವರವನ್ನೇ ಕಿತ್ತುಕೊಂಡಂತೆ. ದಾರಿದ್ರ್ಯವನ್ನು ಹೊಗಳುವವರಿಗೆ ಇದಕ್ಕಿಂತ ಅನುಕೂಲದ ವಾದವಿಲ್ಲ. ಬಡತನವಿದ್ದೂ ಬಂತೆಂದರೆ, ಬಡವರು ಧನ್ಯರೆಂದು ಲೂಕನಲ್ಲಿ ಕ್ರಿಸ್ತನು ನೇರವಾಗಿ ಹೇಳಿದ್ದಕ್ಕೆ ತೂಕ ಉಳಿಯುವುದಿಲ್ಲ. ಸ್ಮುರ್ನದ ಬಿಷಪ್ ಪಾಲಿಕಾರ್ಪ್ ಎರಡನೆಯ ಶತಮಾನದಲ್ಲಿ ಪ್ರಾಣ ಕೊಟ್ಟನೇ ಹೊರತು ಕ್ರಿಸ್ತನನ್ನು ನಿರಾಕರಿಸಲಿಲ್ಲ. ಅವನ ಬದುಕು ಆ ಐಶ್ವರ್ಯವನ್ನು ತೋರಿಸುತ್ತದೆ, ಅದರ ಮೂಲವನ್ನು ಹೇಳುವುದಿಲ್ಲ.

ಪ್ರಶ್ನೆ ಬಗೆಹರಿಯುವವರೆಗೆ ಕಾಯಬೇಕಾಗಿಲ್ಲ. ಹಸಿವು ಕೇಡು, ಅದನ್ನು ನೀಗಿಸುವುದು ಸಭೆಯ ಕರ್ತವ್ಯ. ಸಿರಿವಂತರ ಶೂನ್ಯತೆಯೂ ಕೇಡು. ಹಸಿದವನು ಹೊರಗೇ ಉಳಿದಿರುವಾಗ ಒಳಗಿನ ಧ್ಯಾನಪ್ರಾರ್ಥನೆಗಳಿಂದಷ್ಟೇ ಅದು ವಾಸಿಯಾಗದು. ಇವೆರಡನ್ನೂ ಒಂದೇ ಪ್ರಬಂಧದಲ್ಲಿ, ಒಂದೇ ಊರಿನಲ್ಲಿ, ಅಕ್ಕಪಕ್ಕದ ಮನೆಗಳಲ್ಲಿ ಇಟ್ಟು ನೋಡುವ ಅಧ್ಯಯನ ಈ ಗೋಷ್ಠಿಯಿಂದ ಶುರುವಾಗಬೇಕು.