ಹಕ್ಕಿಗಳು ತಿರುಗಿಬಿದ್ದಾಗ

(ಕಾರವಾರದಲ್ಲಿ ಚಿತ್ರಾಸಕ್ತರ ಸಣ್ಣ ಕೂಟವೊಂದರಲ್ಲಿ, ಚಿತ್ರಪ್ರದರ್ಶನದ ನಂತರ ಮಾಡಿದ ಭಾಷಣದ ಬರಹರೂಪ)



ದೋಣಿಗಳು ದಡಕ್ಕೆ ಬರುವ ಹೊತ್ತಿನಲ್ಲಿ ಬೈತಖೋಲ ಬಂದರಿಗೆ ಹೋದವರಿಗೆ ಗೊತ್ತು. ಮೇಲೆ ಹದ್ದು, ಕೆಳಗೆ ಕಾಗೆ, ನಡುವೆ ನಾವು. ಅಂಕೋಲೆಯ ಮೀನುಪೇಟೆಯಲ್ಲೂ ಇದೇ ನೋಟ. ಬುಟ್ಟಿಯಿಂದ ಒಂದು ಬಂಗಡೆ ಹಾರಿಹೋದರೆ ಮೀನು ಮಾರುವಾಕೆ ನಾಲ್ಕು ಬೈಗುಳ ಬೈದು ಸುಮ್ಮನಾಗುತ್ತಾಳೆ. ಆ ಹಕ್ಕಿಗಳೆಲ್ಲ ಒಂದು ದಿನ ಮೀನು ಬಿಟ್ಟು ನಮ್ಮ ಮೇಲೆಯೇ ಎರಗಿದರೆ? ಈಗಷ್ಟೇ ನಾವು ನೋಡಿದ ‘ದಿ ಬರ್ಡ್ಸ್’ ಕೇಳುವ ಪ್ರಶ್ನೆ ಇಷ್ಟೇ.

ಡಾಫ್ನೆ ಡು ಮೋರಿಯೆ 1952ರಲ್ಲಿ ಪ್ರಕಟಿಸಿದ ಕಥೆ ನಡೆಯುವುದು ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯಲ್ಲಿ. ಆಲ್‌ಫ್ರೆಡ್ ಹಿಚ್‌ಕಾಕ್ ಅದನ್ನು ಕ್ಯಾಲಿಫೋರ್ನಿಯಾದ ಬೊಡೆಗಾ ಬೇ ಎಂಬ ಮೀನುಗಾರರ ಊರಿಗೆ ತಂದು, 1963ರಲ್ಲಿ ಚಿತ್ರವಾಗಿ ತೆರೆಗೆ ತಂದರು. ಅದರಲ್ಲಿ ಹಿನ್ನೆಲೆ ಸಂಗೀತವಿಲ್ಲ. ವಿದ್ಯುನ್ಮಾನ ವಾದ್ಯದಿಂದ ಹೊರಡಿಸಿದ ಕಿರುಚಾಟ, ರೆಕ್ಕೆಬಡಿತ ಮಾತ್ರ. ಶಾಲೆಯ ಹೊರಗೆ ನಾಯಕಿ ಕಾಯುತ್ತ ಕೂತಿದ್ದಾಳೆ. ಅವಳ ಬೆನ್ನ ಹಿಂದೆ ಒಂದು ಕಾಗೆ ಬಂದು ಕೂರುತ್ತದೆ. ಆಮೇಲೆ ಇನ್ನಷ್ಟು. ಅವಳು ತಿರುಗಿ ನೋಡುವಾಗ ಕಾಗೆಗಳ ಸಂತೆಯೇ ನೆರೆದಿದೆ! ಯಾಕೆ ಎನ್ನುವುದಕ್ಕೆ ಕೊನೆಯವರೆಗೂ ಉತ್ತರವಿಲ್ಲ. ‘ಮುಕ್ತಾಯ’ ಎಂಬ ಅಕ್ಷರವೂ ಪರದೆಯ ಮೇಲೆ ಬರುವುದಿಲ್ಲ.

ನಮಗೆ ಇದು ಹೊಸದು. ನಮ್ಮ ಕಥೆಗಳಲ್ಲಿ ಪ್ರಾಣಿಯ ಸಿಟ್ಟಿಗೆ ಲೆಕ್ಕವಿದೆ. ನಾಗರನನ್ನು ಕೊಂದರೆ ಅದರ ಜೋಡಿ ಸೇಡು ತೀರಿಸಿಕೊಳ್ಳುತ್ತದೆ ಎಂದು ಅಜ್ಜಿಯರು ಹೇಳುತ್ತಾರೆ, ಸಿನಿಮಾದವರೂ ಹೇಳಿದ್ದಾರೆ. ಕಾಗೆ ತಲೆ ಕುಕ್ಕಿದರೆ ಶನಿಕಾಟ ಎನ್ನುತ್ತೇವೆ. ಅಲ್ಲೇ ಮೇಲಿನ ಮರದಲ್ಲಿ ಅದರ ಗೂಡು, ಮರಿ ಇವೆಯೇ ಎಂದು ಕತ್ತೆತ್ತಿ ನೋಡುವವರು ಕಡಿಮೆ.

ಚಿತ್ರದ ಹೋಟೆಲ್ ದೃಶ್ಯ ನೆನಪಿಸಿಕೊಳ್ಳಿ. ಹೆದರಿದ ತಾಯಿಯೊಬ್ಬಳು ಪರವೂರಿನಿಂದ ಬಂದ ನಾಯಕಿಯ ಕಡೆ ತಿರುಗಿ, ನೀನು ಬಂದ ಮೇಲೆಯೇ ಇದೆಲ್ಲ ಶುರುವಾಯಿತು, ನೀನೇ ಕೆಟ್ಟವಳು ಎಂದು ಚೀರುತ್ತಾಳೆ. ನನಗೆ ಹಕ್ಕಿಗಳಿಗಿಂತ ಹೆಚ್ಚು ಭಯ ಹುಟ್ಟಿಸಿದ್ದು ಇದೇ. ಕಾರಣ ತಿಳಿಯದಿದ್ದಾಗ ಮನುಷ್ಯ ಮೊದಲು ಹುಡುಕುವುದು ಅಪರಾಧಿಯನ್ನು.

ನಿಜಜೀವನದಲ್ಲಿ ಕಾರಣ ಇತ್ತು. 1961ರ ಆಗಸ್ಟ್ 18ರ ನಸುಕಿನಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಪಿಟೋಲಾ ಸುತ್ತಮುತ್ತ ಕಡಲಹಕ್ಕಿಗಳು ಹಿಂಡುಹಿಂಡಾಗಿ ಮನೆಗಳಿಗೆ ಡಿಕ್ಕಿ ಹೊಡೆದು, ನುಂಗಿದ ಮೀನು ಕಕ್ಕುತ್ತ ಬೀದಿಯಲ್ಲಿ ಬಿದ್ದವು. ಹಿಚ್‌ಕಾಕ್ ಆ ಸುದ್ದಿಯಲ್ಲಿ ಆಸಕ್ತಿ ತೋರಿದ್ದರು. 1991ರಲ್ಲಿ ಅದೇ ಕೊಲ್ಲಿಯಲ್ಲಿ ಹಕ್ಕಿಗಳು ಸತ್ತಾಗ ಡೊಮೊಯಿಕ್ ಆಮ್ಲ ಎಂಬ ವಿಷ ಪತ್ತೆಯಾಯಿತು. ಅದು ಕಡಲಿನ ಸೂಕ್ಷ್ಮ ಪಾಚಿಯಲ್ಲಿ ಹುಟ್ಟಿ, ಸಣ್ಣ ಮೀನಿನ ಮೂಲಕ ಹಕ್ಕಿಯ ಮಿದುಳಿಗೆ ಏರುತ್ತದೆ. 1961ರಲ್ಲಿ ಸಂಗ್ರಹಿಸಿಟ್ಟ ಮಾದರಿಗಳನ್ನು ಐವತ್ತು ವರ್ಷಗಳ ನಂತರ ಪರೀಕ್ಷಿಸಿದಾಗ, ಅವುಗಳಲ್ಲೂ ಇಂಥ ಪಾಚಿ ಹೇರಳವಾಗಿ ಕಂಡಿತು. ಹಕ್ಕಿಗಳು ದಾಳಿಗೆ ಬಂದಿರಲಿಲ್ಲ, ವಿಷವೇರಿ ದಿಕ್ಕು ತಪ್ಪಿದ್ದವು.

ಇಂಥದೇ ಪಾಠ ನಮ್ಮ ಘಟ್ಟದ ಮೇಲೂ ನಡೆದಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಜೊತೆಗೆ ಕಾಡಿಗೆ ಹೋದ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಸ್ಸನ್ನು ಗುರುತಿಸಿದರು. ಅದು ರಷ್ಯಾದ ಒಂದು ಬಗೆಯ ಜ್ವರದ ವೈರಸ್ಸನ್ನು ಹೋಲುತ್ತಿದ್ದರಿಂದ, ಅನುಮಾನ ವಲಸೆ ಹಕ್ಕಿಗಳ ಮೇಲೂ ಹೋಯಿತು! ಪಕ್ಷಿತಜ್ಞ ಸಲೀಂ ಅಲಿ ಅವರ ನೇತೃತ್ವದಲ್ಲಿ ವಲಸೆ ಹಕ್ಕಿಗಳ ಅಧ್ಯಯನ ಆರಂಭವಾಗಲು ಇದೂ ಒಂದು ಕಾರಣ. ಹಕ್ಕಿಗಳ ಮೇಲಿನ ಆರೋಪಕ್ಕೆ ಗಟ್ಟಿ ಸಾಕ್ಷ್ಯ ಸಿಗಲಿಲ್ಲ. ರೋಗ ಹರಡುತ್ತಿದ್ದುದು ಕಾಡಿನ ಉಣ್ಣೆಯಿಂದ. ಕಾಡು ಕಡಿದು ದನ ಮೇಯಿಸಿದ್ದು ಉಣ್ಣೆ ಹೆಚ್ಚಲು ದಾರಿಯಾಯಿತು ಎಂದು ಸಂಶೋಧಕರು ವಿವರಿಸಿದ್ದಾರೆ.

ಆದರೂ ಹೆಸರು ಮಾತ್ರ ‘ಮಂಗನ ಕಾಯಿಲೆ’ ಎಂದೇ ಉಳಿಯಿತು. ಮಂಗ ಅಪರಾಧಿಯಲ್ಲ, ನಮಗಿಂತ ಮೊದಲು ಸಾಯುವ ಬಡಪಾಯಿ. ಸತ್ತ ಮಂಗನ ಮೈಯಿಂದ ಉದುರಿದ ಉಣ್ಣೆ ಅಲ್ಲಿ ಓಡಾಡುವವರಿಗೆ ಹತ್ತುತ್ತದೆ. ನಮ್ಮ ಜಿಲ್ಲೆಯ ಸಿದ್ದಾಪುರ ಕಡೆಯವರಿಗೆ ಇದು ಸಿನಿಮಾ ಅಲ್ಲ. 2024ರಲ್ಲೂ ಅಲ್ಲಿ ಈ ಜ್ವರ ಕಾಣಿಸಿಕೊಂಡಿತು. ಡಿಸೆಂಬರಿನಿಂದ ಮೇವರೆಗೆ, ದರಕು ಒಟ್ಟಲು, ಸೌದೆ ತರಲು ಕಾಡಿಗೆ ಹೋಗುವ ಕಾಲದಲ್ಲೇ ಅದರ ಕಾಟ ಹೆಚ್ಚು. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಮುಚ್ಚಿಡಲೂ ಬೇಡಿ. ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ. ಆ ಒಂದು ಸುದ್ದಿ ಒಂದು ಮನೆಯವರ ಜೀವ ಉಳಿಸಬಹುದು.

ಹಿಚ್‌ಕಾಕ್ ಕಾರಣ ಹೇಳದೆ ನಮ್ಮನ್ನು ಹೆದರಿಸಿದರು. ಸಿನಿಮಾಕ್ಕೆ ಅದು ಸಾಕು. ಊರಿಗೆ ಸಾಲದು. ನಾಳೆ ಬಂದರಿನಲ್ಲಿ ಹದ್ದು ಎರಗಿದರೆ ಮೀನಿನ ಚೀಲ ಗಟ್ಟಿಯಾಗಿ ಹಿಡಿಯಿರಿ. ಹಕ್ಕಿಯೋ ಮಂಗವೋ ಸುಮ್ಮಸುಮ್ಮನೆ ಸತ್ತುಬಿದ್ದರೆ ಮಾತ್ರ ನಿಂತು ನೋಡಿ. ಅದು ನಮಗೇ ಏನೋ ಹೇಳುತ್ತಿರಬಹುದು.