ಬಿಳಿ ಹಾಳೆಯಿಂದ ಪರ್ಸಿ ನೆಲಕ್ಕೆ

ಮಕ್ಕಳು ಪದವಿ ಪಡೆಯುವುದನ್ನು ಕಣ್ಣಾರೆ ಕಾಣಲು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಿಂದ, ಗುಂಡಗುರ್ತಿಯಂಥ ಹಳ್ಳಿಗಳಿಂದ ಬೆಳಗಿನ ಬಸ್ಸಿಗೇ ಬಂದು ಕುಳಿತಿರುವ ತಂದೆತಾಯಂದಿರೇ, ಇಂದು ಇಂಜಿನಿಯರರಾದ ಗೆಳೆಯರೇ,

ದೊಡ್ಡ ಕನಸು ಕಾಣಿರಿ ಎಂದು ಹೇಳುವುದು ಘಟಿಕೋತ್ಸವದ ವಾಡಿಕೆ. ನಾನು ಸಣ್ಣ ವಸ್ತುಗಳ ಬಗ್ಗೆ ಮಾತಾಡುತ್ತೇನೆ. ಕೊನೆಯ ವರ್ಷ ನೀವು ಕೂಡಿಸಿದ ಪ್ರಾಜೆಕ್ಟುಗಳ ಬಗ್ಗೆ. ದುಡ್ಡು ಕೊಟ್ಟರೆ ರಿಪೋರ್ಟು, ಪಿಪಿಟಿ ಸಮೇತ ರೆಡಿ ಪ್ರಾಜೆಕ್ಟು ಸಿಗುತ್ತದೆ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು, ವೈವಾಕ್ಕೆ ಬಂದ ಎಕ್ಸ್‌ಟರ್ನಲ್‌ಗೂ ಗೊತ್ತು. ಅದರ ಮಾತು ಅಲ್ಲಿಗೇ ಬಿಡೋಣ. ತಾವೇ ಬೆಸುಗೆ ಹಾಕಿ, ಬೆರಳು ಸುಟ್ಟುಕೊಂಡು, ರಟ್ಟು ಕತ್ತರಿಸಿ ರೋಬೋ ಕೈ ಮಾಡಿದವರೂ ನಿಮ್ಮಲ್ಲಿದ್ದೀರಿ. ನನ್ನ ಮಾತು ಅವರಿಗೆ.

ಲೈನ್ ಫಾಲೋವರ್ ರೋಬೋ ಇಲ್ಲದ ಕಾಲೇಜಿಲ್ಲ. ಎರಡು ಇನ್‌ಫ್ರಾರೆಡ್ ಸೆನ್ಸರ್, ಎರಡು ಮೋಟರ್; ಬಿಳಿ ಡ್ರಾಯಿಂಗ್ ಹಾಳೆಯ ಮೇಲೆ ಅಂಟಿಸಿದ ಕಪ್ಪು ಟೇಪಿನ ಹಿಂದೆ ಗಾಡಿ ಜಾಣತನದಿಂದ ಓಡುತ್ತದೆ. ಅದೇ ಗಾಡಿಯನ್ನು ನಿಮ್ಮ ಮನೆಯ ಪರ್ಸಿ ನೆಲದ ಮೇಲೆ ಬಿಟ್ಟು ನೋಡಿ. ಪರ್ಸಿ ಎಂದರೆ ಶಹಾಬಾದ್ ಕಲ್ಲು, ಅದರ ಬಣ್ಣ ಬೂದು. ಅದು ಬಿಳಿ ಹಾಳೆಯಷ್ಟು ಬೆಳಕನ್ನು ಹಿಂದಕ್ಕೆ ಕಳಿಸುವುದಿಲ್ಲ. ಎರಡು ಕಲ್ಲುಗಳ ನಡುವಿನ ಸಂದೂ ಸೆನ್ಸರಿಗೆ ಗೆರೆಯಾಗಿಯೇ ಕಾಣಬಹುದು. ಗಾಡಿ ಸಂದು ಹಿಡಿದು ಅಡುಗೆಮನೆಗೆ ಹೋದರೆ ಅದರ ತಪ್ಪೇನಿಲ್ಲ. ನಿಮ್ಮ ಇಂಜಿನಿಯರಿಂಗ್ ಶುರುವಾಗುವುದು ಆಗಲೇ.

ನಾನು ಹೇಳಬೇಕೆಂದು ಬಂದಿರುವುದೂ ಇಷ್ಟೇ. ನಿಮ್ಮ ಪ್ರಾಜೆಕ್ಟು ಬಿಳಿ ಹಾಳೆಯಿಂದ ಇಳಿದು ಈ ಕಲಬುರಗಿ ಸೀಮೆಯ ಬಿಸಿಲು, ಧೂಳು, ಕಲ್ಲು, ಹೊಳೆಗಳನ್ನು ಎದುರಿಸಲಿ. ಅಲ್ಲಿಯವರೆಗೆ ಅದು ಎಲ್ಲರ ಪ್ರಾಜೆಕ್ಟು, ಆಮೇಲೆ ನಿಮ್ಮದು.

ಕಾಗಿಣಾ ನದಿಯನ್ನೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಅದು ಉಕ್ಕಿದಾಗ ಮಳಖೇಡದ ಹತ್ತಿರ ಸೇಡಂ ರಸ್ತೆ ಕಟ್ಟಾಗುತ್ತದೆ; ದಂಡೋತಿಯ ಸೇತುವೆಯೂ ಮುಳುಗುತ್ತದೆ. ಅಷ್ಟು ದೂರ ಹೋದ ಮೇಲೆ ಬಸ್ಸು ತಿರುಗಿಸಿಕೊಂಡು ಬಂದ ಅನುಭವ ಇಲ್ಲಿ ಬಹಳ ಜನರಿಗಿದೆ. ಸೇತುವೆಗೆ ಒಂದು ಅಲ್ಟ್ರಾಸಾನಿಕ್ ಸೆನ್ಸರ್ ಕಟ್ಟಿ, ನೀರು ಎಷ್ಟು ಹತ್ತಿರ ಬಂತೆಂದು ಅಳೆದು, ಜಿಎಸ್‌ಎಂ ಮಾಡ್ಯೂಲಿನಿಂದ ಮೆಸೇಜ್ ಕಳಿಸುವುದು ನಿಮಗೆ ಕಷ್ಟವೇನಲ್ಲ. ಪ್ರವಾಹ ಅದರಿಂದ ನಿಲ್ಲುವುದಿಲ್ಲ, ಆದರೆ ಬಸ್ಸು ಹತ್ತುವ ಮೊದಲೇ ಸುದ್ದಿ ಸಿಗುತ್ತದೆ.

ಕಟ್ಟಲು ಹೋದಾಗ ಪಾಠಗಳು ಒಂದೊಂದಾಗಿ ಬರುತ್ತವೆ. ಲ್ಯಾಬಿನ ಅಗ್ಗದ ಸೆನ್ಸರ್ ನಾಲ್ಕು ಮೀಟರಿನಾಚೆ ನೋಡಲಾರದು, ಮಳೆಯನ್ನೂ ತಾಳದು. ನೀರು ಹೋಗದ ಮಾದರಿ ಬೇಕು. ಇನ್ನೊಂದು ವಿಷಯ. ಕೋಡಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಎಂದು ಬರೆದಿರುತ್ತೀರಿ. ಅದು 20 ಡಿಗ್ರಿ ಉಷ್ಣಾಂಶದ ಲೆಕ್ಕ. ನಮ್ಮ ಮೇ ತಿಂಗಳ 42 ಡಿಗ್ರಿಯಲ್ಲಿ ಶಬ್ದ ಸುಮಾರು 356 ಮೀಟರ್ ವೇಗದಲ್ಲಿ ಓಡುತ್ತದೆ. ಮೂರು ಮೀಟರ್ ಕೆಳಗಿರುವ ನೀರನ್ನು ನಿಮ್ಮ ಯಂತ್ರ ಸುಮಾರು 11 ಸೆಂಟಿಮೀಟರ್ ಹತ್ತಿರ ತೋರಿಸುತ್ತದೆ. ಪಠ್ಯಪುಸ್ತಕದ ಆ ಒಂದು ಸಂಖ್ಯೆಯನ್ನು ಕಲಬುರಗಿಯ ಬಿಸಿಲು ತಿದ್ದುತ್ತದೆ. ಜೊತೆಗೊಂದು ಉಷ್ಣಾಂಶದ ಸೆನ್ಸರ್ ಇಟ್ಟರೆ ಮುಗಿಯಿತು. ಆದರೆ ಇಡಬೇಕೆಂಬ ಅರಿವು ಸೇತುವೆಗೆ ಹೋದವರಿಗೇ ಬರುವುದು.

ಇಂಥ ಅರಿವಿಗೆ ಪದವಿಯೇ ಬೇಕೆಂದಿಲ್ಲ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ್ ಇಂಜಿನಿಯರಿಂಗ್ ಓದದ ರೈತ. ಬೆಳಗ್ಗೆ ಬೇಗ ಎಚ್ಚರವಾಗದ್ದಕ್ಕೆ ಅವರು ಅಲಾರಾಂ ಗಡಿಯಾರದ ಕೀಲಿಗೆ ದಾರ ಕಟ್ಟಿದರು. ಗಂಟೆ ಬಾರಿಸುತ್ತ ಕೀಲಿ ತಿರುಗಿದಂತೆ ದಾರ ಎಳೆದು ಬಾಟಲಿಯ ನೀರು ಮುಖಕ್ಕೆ ಸುರಿಯಿತು. ಮುಂದೆ ಹುಣಸೆಯಿಂದ ಬೀಜ ಬೇರ್ಪಡಿಸುವ ಯಂತ್ರ, ಬಿತ್ತುವ ಕೂರಿಗೆಗಳನ್ನು ಮಾಡಿದರು. 2022ರಲ್ಲಿ ಪದ್ಮಶ್ರೀ ಬಂತು. ಅವರ ಯಂತ್ರಗಳೆಲ್ಲ ಅವರ ಮನೆ, ಅವರ ಹೊಲದ ತೊಂದರೆಗಳಿಂದಲೇ ಹುಟ್ಟಿದವು.

ಕೈಕೆಲಸದವರನ್ನೂ ನಿಮ್ಮ ಗುರುಗಳ ಸಾಲಿಗೆ ಸೇರಿಸಿಕೊಳ್ಳಿ. ಪಕ್ಕದ ಬೀದರಿನ ಬಿದ್ರಿ ಕಲೆಯನ್ನು ಹತ್ತಿರದಿಂದ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಚಿತ್ತಾರ ಕೊರೆದು, ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಸೇರಿಸಿದ ಬಿಸಿ ನೀರಿನಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಪಿಸಿಬಿಯ ಮೇಲೆ ಮಾರ್ಕರಿನಿಂದ ದಾರಿ ಬರೆದು ಫೆರಿಕ್ ಕ್ಲೋರೈಡಿನಲ್ಲಿ ಅದ್ದುವಾಗ ನೀವು ಮಾಡುವುದೂ ಇದೇ ಲೆಕ್ಕ: ರಸಾಯನ ಎಲ್ಲಿ ತಾಗಬೇಕು, ಎಲ್ಲಿ ತಾಗಬಾರದು. ಮಣ್ಣು ಸರಿಯಿದೆಯೇ ಎಂದು ಕುಶಲಕರ್ಮಿಗಳು ನಾಲಿಗೆಯಲ್ಲಿ ರುಚಿ ನೋಡಿಯೇ ಹೇಳುತ್ತಾರೆ. ಆ ನಾಲಿಗೆ ಅರಿಯುವುದನ್ನು ಅಳೆಯುವ ಸೆನ್ಸರ್ ಮಾಡಬಹುದೇ? ಈ ಕಲೆಗಾಗಿ 2023ರಲ್ಲಿ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಿಕ್ಕಿದೆ. ಪ್ರಶ್ನೆ ಕೇಳಲು ಗುರುಗಳು ಹತ್ತಿರದಲ್ಲೇ ಇದ್ದಾರೆ.

ನೀವು ದಿನವೂ ಬಳಸುವ ಆರ್ಡುಯಿನೋ ಬೋರ್ಡು ಹುಟ್ಟಿದ್ದೂ ಕಲೆ ಮತ್ತು ಎಲೆಕ್ಟ್ರಾನಿಕ್ಸಿನ ಇಂಥ ನಂಟಿನಿಂದಲೇ. 2005ರಲ್ಲಿ ಇಟಲಿಯ ಇವ್ರೆಯಾ ಎಂಬ ಸಣ್ಣ ಪಟ್ಟಣದಲ್ಲಿ, ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲದ ವಿನ್ಯಾಸದ ವಿದ್ಯಾರ್ಥಿಗಳಿಗೂ ಕೈಗೆಟುಕಲಿ ಎಂದು ಅದನ್ನು ಮಾಡಿದರು. ಅದರ ನಕ್ಷೆಯನ್ನು ಬಚ್ಚಿಡದೆ ಎಲ್ಲರಿಗೂ ಬಿಟ್ಟುಕೊಟ್ಟರು. ಅದಕ್ಕೇ ಅದು ಇಲ್ಲಿಯವರೆಗೆ ಬಂತು.

ಹಣ ಎಲ್ಲಿದೆ ಎಂದು ಕೇಳುತ್ತೀರಿ, ಕೇಳಬೇಕಾದ್ದೇ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ನೆರವು ಕೊಡುತ್ತ ಬಂದಿದೆ. ನಿಮ್ಮ ಕಿರಿಯರಿಗೆ ಅರ್ಜಿ ಹಾಕಲು ಹೇಳಿ. ಏನು ಮಾಡಬೇಕೆಂದು ಅವರು ಕೇಳಿದರೆ ಶಹಾಬಾದಿನ ಗಣಿಗಳಿಗೆ ಕಳಿಸಿ. ಕಲ್ಲು ಕೊಯ್ಯುವವರ ಮೂಗಿಗೆ ಎಷ್ಟು ಧೂಳು ಹೋಗುತ್ತಿದೆ ಎಂದು ಅಳೆದು ಬರಲಿ.

ಇಲ್ಲಿಂದ ಹೊರಡುವ ಮೊದಲು ಒಂದು ಕೆಲಸ ಮಾಡಿ. ಪ್ರಾಜೆಕ್ಟಿನ ನೋಟ್‌ಬುಕ್ಕನ್ನು ರದ್ದಿಗೆ ಹಾಕಬೇಡಿ, ಜೂನಿಯರ್‌ಗಳ ಕೈಗೆ ಕೊಡಿ. ಯಾವ ಐಸಿ ಸುಟ್ಟಿತು, ಯಾವ ಮೋಟರಿಗೆ ಶಕ್ತಿ ಸಾಲಲಿಲ್ಲ, ಯಾವ ಅಂಗಡಿಯವನು ಕೆಟ್ಟ ಸೆನ್ಸರ್ ಕೊಟ್ಟ ಎಲ್ಲವನ್ನೂ ಕನ್ನಡದಲ್ಲೇ ಬರೆದಿಡಿ. ನಿಮ್ಮಲ್ಲಿ ಕೆಲವರು ಬೆಂಗಳೂರು, ಹೈದರಾಬಾದ್, ಪುಣೆಗೆ ಹೋಗುತ್ತೀರಿ. ಕೆಲವರಿಗೆ ಇನ್ನೂ ನೌಕರಿ ಸಿಕ್ಕಿಲ್ಲ. ಯಾರೇ ಆಗಿರಿ, ನಿಮ್ಮ ಸೋಲಿನ ಲೆಕ್ಕ ಗುಂಡಗುರ್ತಿಯಿಂದ ಮುಂದಿನ ವರ್ಷ ಬರುವ ಹುಡುಗಿಗೆ ಬಂಡವಾಳ. ನೀವು ನಿಲ್ಲಿಸಿದಲ್ಲಿಂದ ಅವಳು ಶುರುಮಾಡಲಿ.

ಪದವಿ ನಿಮ್ಮದಾಯಿತು. ಕೈಗೆ ಮಾತ್ರ ರಜೆ ಕೊಡಬೇಡಿ.